ಕೆಲಸಕ್ಕೆ ತಕ್ಕ ವಸ್ತು



ಹೊಸೂರು, ಮತ್ತಿಗಿರಿ, ಶೂಲಗಿರಿ, ಕೃಷ್ಣಗಿರಿ ಸುತ್ತಿನ ಕಾರ್ಖಾನೆಗಳಲ್ಲಿ ದುಡಿಯುವ, ಐ.ಟಿ.ಐ., ಪಾಲಿಟೆಕ್ನಿಕ್‌ಗಳಲ್ಲಿ ಓದುವ ಯುವಕ ಯುವತಿಯರು ನಮ್ಮ ಕನ್ನಡ ಮನೆಗಳಲ್ಲಿ ಅನೇಕರಿದ್ದಾರೆ. ಅವರ ಕೈಗೆ ಬರುವ ಡ್ರಾಯಿಂಗಿನ ಮೂಲೆಯಲ್ಲಿ ಒಂದು ಚಿಕ್ಕ ಚೌಕವಿರುತ್ತದೆ. ಈ ಭಾಗವನ್ನು ಯಾವ ವಸ್ತುವಿನಿಂದ ಮಾಡಬೇಕೆಂದು ಅಲ್ಲಿ ಬರೆದಿರುತ್ತಾರೆ. ಆ ವಸ್ತುವನ್ನು ಆರಿಸುವ ಬಗೆ ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಎಲ್ಲಕ್ಕಿಂತ ಗಟ್ಟಿ ವಸ್ತು ಯಾವುದು ಎಂದು ಕೇಳುವವರುಂಟು. ಯಾವುದಕ್ಕೆ ಗಟ್ಟಿ ಎಂದು ಮೊದಲು ಕೇಳಬೇಕು. ನಮ್ಮ ಕೃಷ್ಣಗಿರಿ ಸೀಮೆಯ ಗ್ರಾನೈಟ್ ಕಲ್ಲನ್ನೇ ನೋಡಿ. ಕಂಬವಾಗಿ ನಿಂತರೆ ಗುಡಿಯ ಭಾರವನ್ನು ನೂರಾರು ವರ್ಷ ಹೊರುತ್ತದೆ. ಅದೇ ಬಂಡೆಯಲ್ಲಿ ಸಾಲಾಗಿ ಕುಳಿ ತೋಡಿ ಬೆಣೆ ಬಡಿದರೆ ಗೆರೆ ಎಳೆದಂತೆ ಸೀಳುತ್ತದೆ. ಒತ್ತುವ ಭಾರವನ್ನು ಕಲ್ಲು ತಾಳುತ್ತದೆ, ಎಳೆದು ಬಿಡಿಸುವ ಬಲವನ್ನು ತಾಳದು. ಆದರೂ ಯಂತ್ರಭಾಗಗಳ ಅಳತೆ ನೋಡುವ ಕೋಣೆಯಲ್ಲಿ ಗ್ರಾನೈಟಿನ ಸರ್ಫೇಸ್ ಪ್ಲೇಟಿಗೆ ಗೌರವದ ಸ್ಥಾನವಿದೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಬಿಸಿಯಾದರೆ ಉಕ್ಕಿಗಿಂತ ಕಡಿಮೆ ಹಿಗ್ಗುತ್ತದೆ. ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆಯೇ ಹೊರತು ಬೀಡಿನ ಹಾಗೆ ಸುತ್ತಲೂ ಉಬ್ಬುವುದಿಲ್ಲ.

1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಮೊಪೆಡ್ ಹೊರಬಂದ ಮೇಲೆ ದ್ವಿಚಕ್ರ ವಾಹನದ ಬಿಡಿಭಾಗಗಳು ಈ ಊರಿನವರಿಗೆ ಹೊಸತಲ್ಲ. ಅಲ್ಯೂಮಿನಿಯಂ ತೂಕದಲ್ಲಿ ಉಕ್ಕಿನ ಸುಮಾರು ಮೂರರಲ್ಲೊಂದು ಪಾಲು. ಹಾಗೆಂದು ಉಕ್ಕಿನ ಭಾಗವನ್ನು ಅದೇ ಅಳತೆಯಲ್ಲಿ ಅಲ್ಯೂಮಿನಿಯಂನಿಂದ ಮಾಡಿದರೆ ಅದೇ ಭಾರಕ್ಕೆ ಸುಮಾರು ಮೂರರಷ್ಟು ಬಾಗುತ್ತದೆ. ಚಕ್ರದ ಬ್ರೇಕ್ ಡ್ರಮ್ಮನ್ನು ಗಮನಿಸಿ. ಹೊರಗಿನ ಮೈ ಹಗುರವಾದ ಅಲ್ಯೂಮಿನಿಯಂ. ಬ್ರೇಕ್ ಶೂ ಉಜ್ಜುವ ಕಡೆ ಸವೆತ ತಾಳುವ ಬೀಡುಕಬ್ಬಿಣದ ಬಳೆ. ಒಂದೇ ಭಾಗದಲ್ಲಿ ಎರಡು ಕೆಲಸ, ಅದಕ್ಕೆ ಎರಡು ವಸ್ತು.

ತಪ್ಪಾದ ವಸ್ತುವಿನ ಬೆಲೆಯನ್ನು ತೆರುವವರು ಯಾರು ಎಂಬುದಕ್ಕೆ ಊರಿನ ಬೋರ್‌ವೆಲ್ ಕೈಪಂಪು ಒಳ್ಳೆಯ ಪಾಠ. ಇಂಡಿಯಾ ಮಾರ್ಕ್ 2 ಎಂಬ ಪಂಪು 1970ರ ದಶಕದ ಕೊನೆಯಿಂದ ದೇಶದ ಹಳ್ಳಿಹಳ್ಳಿಗೂ ಬಂದಿತು. ಅದರ ಸಿಲಿಂಡರಿನೊಳಗೆ ಚರ್ಮದ ವಾಷರ್ ಇರುತ್ತಿತ್ತು. ಅದು ಸವೆದರೆ ನೆಲದೊಳಗಿನ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ವಾಹನ, ಸಲಕರಣೆ, ನುರಿತ ಆಳುಗಳು ಬೇಕು. ಅವರು ಬರುವ ತನಕ ಹೆಣ್ಣುಮಕ್ಕಳು ಬಿಂದಿಗೆ ಹೊತ್ತು ದೂರದ ಬಾವಿಗೆ ನಡೆಯಬೇಕು.

1983ರಿಂದ 1988ರವರೆಗೆ ನಮ್ಮ ತಮಿಳುನಾಡಿನ ಕೊಯಮತ್ತೂರಿನಲ್ಲಿ ಈ ಪಂಪುಗಳನ್ನು ಪರೀಕ್ಷಿಸಿದರು. ಚರ್ಮಕ್ಕಿಂತ ನೈಟ್ರೈಲ್ ರಬ್ಬರಿನ ವಾಷರ್ ಬಹಳ ಹೆಚ್ಚು ಕಾಲ ಬಾಳುವುದು ಅಲ್ಲಿ ಕಂಡುಬಂತು. ಆ ಅನುಭವದಿಂದ ಬಂದ ಮಾರ್ಕ್ 3 ಪಂಪಿನಲ್ಲಿ ಪೈಪು ಅಗಲವಾಯಿತು. ಪೈಪನ್ನು ಕೀಳದೆ ಪಿಸ್ಟನ್ನನ್ನು ಮೇಲಕ್ಕೆ ಎಳೆದುಕೊಳ್ಳಬಹುದಾಯಿತು. ಅಗಲದ ಪೈಪಿಗೆ ಹಣವೂ ಹೆಚ್ಚು, ತೂಕವೂ ಹೆಚ್ಚು. ಆದರೆ ರಿಪೇರಿ ಸುಲಭವಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಪೈಪು ಸತು ಲೇಪಿಸಿದ ಕಬ್ಬಿಣದ್ದು. ನೀರಿನಲ್ಲಿ ಹುಳಿಗುಣವಿದ್ದು ಅದರ ಪಿ.ಎಚ್. 6.5ಕ್ಕಿಂತ ಇಳಿದರೆ ಸತುವಿನ ಲೇಪ ಬೇಗ ಕರಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ನೀರು ಕೆಂಪಾಗುತ್ತದೆ, ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ, ಜನ ಆ ಪಂಪನ್ನೇ ಬಿಡುತ್ತಾರೆ. ಒಂದು ಊರಿಗೆ ಒಗ್ಗಿದ ಪೈಪು ಇನ್ನೊಂದು ಊರಿಗೆ ಒಗ್ಗದು. ಅಂಥ ಕಡೆ ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪೈಪು ಬೇಕು. ಪಂಪನ್ನು ಆರಿಸುವ ಮೊದಲು ನೀರನ್ನು ಪರೀಕ್ಷಿಸಬೇಕು.

ಆದ್ದರಿಂದ ಒಂದು ಭಾಗವನ್ನು ರೂಪಿಸುವವರು ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ. ಇದರ ಮೇಲೆ ಬೀಳುವ ಬಲ ಯಾವುದು: ಒತ್ತುವುದೋ, ಎಳೆಯುವುದೋ, ಉಜ್ಜುವುದೋ, ದಿನಕ್ಕೆ ಸಾವಿರ ಸಲ ಅಲುಗಿಸುವುದೋ? ಇದು ಇರುವ ಜಾಗ ಎಂಥದು: ನೀರೋ, ಬಿಸಿಯೋ, ಧೂಳೋ? ಇದನ್ನು ಇಲ್ಲಿರುವ ಯಂತ್ರಗಳಲ್ಲಿ, ಕೊಳ್ಳುವವರ ಕೈಗೆಟುಕುವ ಬೆಲೆಯಲ್ಲಿ ಮಾಡಲಾದೀತೇ? ಕೆಟ್ಟರೆ ಯಾರು, ಯಾವ ಸಲಕರಣೆಯಿಂದ ಸರಿಮಾಡುತ್ತಾರೆ?

ಈ ನಾಲ್ಕರಲ್ಲಿ ಕೊನೆಯದನ್ನೇ ಹೆಚ್ಚಾಗಿ ಮರೆಯುವುದು. ಕಾರ್ಖಾನೆಯ ಬಾಗಿಲು ದಾಟಿದ ವಸ್ತು ದೆಂಕಣಿಕೋಟೆಯ ಕಾಡಂಚಿನ ಹಳ್ಳಿಗೂ ಹೋಗಬಹುದು. ಅಲ್ಲಿ ಸ್ಪ್ಯಾನರ್ ಹಿಡಿಯುವವನು ನಮ್ಮ ಡ್ರಾಯಿಂಗನ್ನು ಎಂದೂ ನೋಡಿರುವುದಿಲ್ಲ. ಅವನ ಕೈಯಲ್ಲೂ ನಿಲ್ಲುವಂಥ ವಸ್ತುವನ್ನು ಆರಿಸೋಣ.