ಸಂತೈಸುವವರ ಮನೆಯ ದೀಪ



ಅಡಿಕೆಯ ಕೊಳೆರೋಗದ ಬಗ್ಗೆ ಮಾತನಾಡಬೇಕಾದ ಕೃಷಿ ವಿಜ್ಞಾನಿ ಬೀದರಿನ ಆಪ್ತಸಮಾಲೋಚಕಿಯರ ಸಂಸಾರದ ವಿಷಯವನ್ನೇಕೆ ಎತ್ತಬೇಕು? ಕಾರಣ ಬೆಳೆಯಲ್ಲೇ ಇದೆ. 1997ರ ಕೊನೆಯಲ್ಲಿ ಬೀದರ್ ಜಿಲ್ಲೆಯಲ್ಲಿ ತೊಗರಿ ಕೈಕೊಟ್ಟಿತು. ಕರ್ನಾಟಕದಲ್ಲಿ ರೈತರ ಆತ್ಮಹತ್ಯೆಯ ಪ್ರಶ್ನೆ ದೊಡ್ಡದಾಗಿ ಕೇಳಿಬಂದುದು ಆ ಬಳಿಕ. ಕೀಟಶಾಸ್ತ್ರಜ್ಞ ಡಾ. ಜಿ. ಕೆ. ವೀರೇಶ್ ಅವರ ಸಮಿತಿ 2002ರಲ್ಲಿ ವರದಿ ನೀಡಿತು. ಸಾಲವನ್ನು ಹಿಂದೆ ಸರಿಸಿ ಕುಡಿತ, ಮನೆಯ ಕಲಹಗಳನ್ನು ಮುಂದೆ ಮಾಡಲಾಗಿದೆಯೆಂದು ರೈತಪರರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ. ಆದರೂ ಸಾಲ, ಕಲಹಗಳೆರಡೂ ಒಂದೇ ಸೂರಿನಡಿ ವಾಸಿಸುತ್ತವೆ. ಅವನ್ನು ಕೂತು ಕೇಳುವವರೊಬ್ಬರು ಬೇಕು.

ಕೇಳುವವರಿಗೂ ಮನೆಯಿದೆ. ಬೀದರ್ ನಗರದಲ್ಲಿ ನೆಲೆಸಿ ಭಾಲ್ಕಿಗೂ ಔರಾದಿಗೂ ಓಡಾಡುವ ಸಮಾಲೋಚಕಿಯನ್ನು ಊಹಿಸಿಕೊಳ್ಳಿ. ಭಾಲ್ಕಿಗೆ ರೈಲಾದರೂ ಉಂಟು, ಔರಾದಿಗೆ ಬಸ್ಸೇ ಗತಿ. ಒಬ್ಬರ ದುಃಖ ಕನ್ನಡದಲ್ಲಿ, ಮತ್ತೊಬ್ಬರದು ಮರಾಠಿಯಲ್ಲಿ, ಮಗದೊಬ್ಬರದು ಉರ್ದುವಿನಲ್ಲಿ. ಸಂಜೆ ಮನೆ ಸೇರಿದರೆ ಮಕ್ಕಳ ಪಾಠ, ಅತ್ತೆಯ ಔಷಧಿ. ಬೇರೆ ನೌಕರರು ಕಚೇರಿಯ ಕಿರಿಕಿರಿಯನ್ನು ಊಟದ ಹೊತ್ತಿನಲ್ಲಿ ಹೇಳಿಕೊಂಡು ಹಗುರಾಗುತ್ತಾರೆ. ಈಕೆಗೆ ಆ ಬಾಗಿಲೂ ಮುಚ್ಚಿದೆ. ಕೇಳಿದ್ದನ್ನು ಗೋಪ್ಯವಾಗಿಡಬೇಕೆಂಬುದು ವೃತ್ತಿಧರ್ಮ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅದನ್ನೇ ಹೇಳುತ್ತದೆ. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೊರಡುವಾಗ, ತೊಗರಿ ಕೆಟ್ಟ ವರ್ಷವಾದರೆ ಇವಳ ಫೋನು ಬಿಡುವುದಿಲ್ಲ. ನಷ್ಟದ ಲೆಕ್ಕ ಮುಗಿಯುವುದು ಆ ಕಾಲದಲ್ಲೇ ತಾನೇ!

ಇದಕ್ಕೆ ‘ಸಮಯ ಹೊಂದಿಸಿಕೊಳ್ಳಿ’ ಎಂಬ ಉಪದೇಶ ನನಗೆ ಒಪ್ಪಿಗೆಯಿಲ್ಲ. ಹೊರೆಯೇ ಹೆಚ್ಚಿರುವಾಗ ಹೊರುವವಳ ಕತ್ತನ್ನು ದೂರುವುದೇ? ರಜೆಯಲ್ಲಿ ಬದಲಿ ವ್ಯಕ್ತಿ ಬೇಕು. ರೋಗಿಗಳ ಹೆಸರೆತ್ತದೆ ಮನಸ್ಸಿನ ಭಾರ ಇಳಿಸಿಕೊಳ್ಳಲು ಅನುಭವಸ್ಥ ಸಹೋದ್ಯೋಗಿಯೊಬ್ಬರು ನಿಯತವಾಗಿ ಸಿಗಬೇಕು. ರಾತ್ರಿಯ ಕರೆ ಮನೆಗೆ ಬಾರದೆ ಸರದಿಯ ಮೇಲೆ ಎಚ್ಚರವಿರುವವರಿಗೆ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇರುವುದು ಇದಕ್ಕೇ: ಹಗಲಿರುಳೂ, ಉಚಿತವಾಗಿ, ಕನ್ನಡದಲ್ಲಿಯೂ.

ನಮ್ಮ ಇಲಾಖೆಯವರ ಪಾಲೂ ಇದೆ. ಬೆಳೆನಷ್ಟ ಬರೆದುಕೊಳ್ಳಲು ಮೊದಲು ಅಂಗಳಕ್ಕೆ ಹೋಗುವವರು ನಾವು. ಎಕರೆ ಕೇಳಿದ ಮೇಲೆ, ‘ನಿದ್ದೆ ಬರುತ್ತದೆಯೇ ಯಜಮಾನರೇ?’ ಎಂದು ಕೇಳಲು ಯಾವ ಆದೇಶವೂ ಬೇಡ. ಅಲ್ಲಿಯೇ ಅರ್ಧ ದುಃಖ ಇಳಿದರೆ ಔರಾದಿನ ಕೊನೆಯ ಬಸ್ಸು ಆಕೆಗೆ ತಪ್ಪುವುದಿಲ್ಲ.

ನಮ್ಮ ಮಲೆನಾಡಿನಲ್ಲೂ ಕೊಳೆ ಹೆಚ್ಚಿದ ವರ್ಷ ಮನೆಗಳು ಮೌನವಾಗುತ್ತವೆ. ವಿದ್ಯಾರ್ಥಿಗಳು ಈ ಮಳೆಗಾಲಕ್ಕೆ ಮುನ್ನ ಪ್ರತಿ ಸೊಸೈಟಿಯ ಹಲಗೆಯ ಮೇಲೆ 14416 ಎಂದು ದೊಡ್ಡದಾಗಿ ಬರೆಯಿರಿ. ಸಮಾಲೋಚಕಿಯ ಮನೆಯ ನಂಬರು ಬೇಡ.