ವೈದ್ಯನೂ ಮಲಗಿದಾಗ

ಮೈಸೂರಿನ ಅಗ್ರಹಾರದ ಮುದ್ರಣದಂಗಡಿಯೊಂದರಲ್ಲಿ ವಿಂಡೋಸ್ ಎಕ್ಸ್‌ಪಿಯ ಕಂಪ್ಯೂಟರೊಂದು ಇನ್ನೂ ದುಡಿಯುತ್ತಿದೆಯೆಂದು ಭಾವಿಸಿ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಕನ್ನಡ ಪುಟಗಳೆಲ್ಲ ಅದರ ಹೊಟ್ಟೆಯಲ್ಲಿವೆ. ಒಂದು ದಿನ ಪುಟ ಜೋಡಿಸುವ ತಂತ್ರಾಂಶ ನಡುವೆಯೇ ನಿಂತುಹೋಗುತ್ತದೆ. ದೋಷ ಹುಡುಕಲೆಂದು ಇಂದಿನ ಡಿಬಗ್ಗರನ್ನು ತಂದು ಹಾಕಿದರೆ ಅದೂ ಏಳುವುದಿಲ್ಲ. ರೋಗಿಯ ಪಕ್ಕದಲ್ಲಿ ವೈದ್ಯನೂ ಮಲಗಿದಂತಾಯಿತು!

ಇದಕ್ಕೆ ಕಾರಣವುಂಟು. ಎಕ್ಸ್‌ಪಿ ಬಂದದ್ದು 2001ರಲ್ಲಿ. ಮೈಕ್ರೋಸಾಫ್ಟ್ ಅದರ ಪೋಷಣೆಯನ್ನು ನಿಲ್ಲಿಸಿದ್ದು 2014ರ ಏಪ್ರಿಲ್‌ನಲ್ಲಿ. ಇಂದಿನ ಉಪಕರಣಗಳು ಹೊಸ ವ್ಯವಸ್ಥೆಯ ಸೌಕರ್ಯಗಳನ್ನು ಬೇಡುತ್ತವೆ. ಸಿಗದಿದ್ದರೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತವೆ.

ಆದುದರಿಂದ ಮೊದಲು ಕಡತಗಳ ಪ್ರತಿ ತೆಗೆದಿಡಿ. ಬಳಿಕ ಆ ಯಂತ್ರಕ್ಕೆ ಹೊಂದುವ ಡಿಬಗ್ಗರನ್ನೇ ಹುಡುಕಿ. ವಿಂಡೋಸ್ 7ರ ಕಾಲದ ವಿನ್‌ಡಿಬಿಜಿ ಎಕ್ಸ್‌ಪಿಯಲ್ಲಿಯೂ ನಡೆಯುತ್ತದೆ. ದೋಷವೇನೆಂದು ನಿಮಗೆ ತಿಳಿದಿರುವ ಪುಟ್ಟ ತಂತ್ರಾಂಶವೊಂದರ ಮೇಲೆ ಅದನ್ನು ಪರೀಕ್ಷಿಸಿ. ತಕ್ಕಡಿ ನೆಟ್ಟಗಿದೆಯೆಂದು ತಿಳಿಯದೆ ತೂಗಬಹುದೆ? ಅದೂ ಕೈಕೊಟ್ಟರೆ, ಎಕ್ಸ್‌ಪಿಯಲ್ಲೇ ಇರುವ ಡಾಕ್ಟರ್ ವಾಟ್ಸನ್, ತಂತ್ರಾಂಶ ನಿಂತ ಗಳಿಗೆಯ ಸ್ಥಿತಿಯನ್ನು ಕಡತವೊಂದರಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಹೊಸ ಕಂಪ್ಯೂಟರಿಗೆ ಒಯ್ದು ಬಿಚ್ಚಿ ನೋಡಿ.

ಯಂತ್ರ ಎದ್ದಮೇಲೆ ಆ ಪುಟಗಳನ್ನು ಯೂನಿಕೋಡಿಗೆ ಪರಿವರ್ತಿಸಿಡುವುದನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಮುಂದಿನ ಸಲ ಅದು ಏಳದಿರಬಹುದು.