ಡಬ್ಲಿನ್ ನಗರದ ಮೊದಲ ಮಹಿಳಾ ಮೇಯರ್



ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಕ್ಯಾಥ್ಲೀನ್ ಕ್ಲಾರ್ಕ್ ಅವರನ್ನು ಹುತಾತ್ಮರೊಬ್ಬರ ಪತ್ನಿ ಎಂದೇ ಪರಿಚಯಿಸುವುದುಂಟು. ಅದು ನಿಜವೇ. 1916ರ ಈಸ್ಟರ್ ದಂಗೆ ವಿಫಲವಾದಾಗ ಬ್ರಿಟಿಷರು ಮೇ 3ರಂದು ಅವರ ಪತಿ ಟಾಮ್ ಕ್ಲಾರ್ಕ್ ಅವರನ್ನು, ಮರುದಿನವೇ ತಮ್ಮ ನೆಡ್ ಡಾಲಿಯನ್ನು ಗುಂಡಿಟ್ಟು ಕೊಂದರು. ಮೂವರು ಗಂಡುಮಕ್ಕಳ ಆ ತಾಯಿಗೆ ಆಗ 38 ವರ್ಷ.

ಆದರೆ ಅವರು ದುಃಖಿಸುತ್ತ ಕೂರಲಿಲ್ಲ. ಮಡಿದವರ ಹಾಗೂ ಸೆರೆಯಾದವರ ಕುಟುಂಬಗಳಿಗಾಗಿ ಪರಿಹಾರ ನಿಧಿ ಕಟ್ಟಿದರು. ಮುಂದೆ ಪ್ರಸಿದ್ಧ ನಾಯಕರಾದ ಮೈಕೆಲ್ ಕಾಲಿನ್ಸ್ ಈ ನಿಧಿಯ ಕಾರ್ಯದರ್ಶಿಯಾಗಿ ದುಡಿದರು. 1918ರಲ್ಲಿ ಬಂಧಿತರಾದ ಕ್ಯಾಥ್ಲೀನ್ ಲಂಡನ್ನಿನ ಹಾಲೊವೇ ಸೆರೆಮನೆಯಲ್ಲಿದ್ದರು. ಬಿಡುಗಡೆಯ ನಂತರ ಡಬ್ಲಿನ್ ನಗರಪಾಲಿಕೆಯ ಸದಸ್ಯೆಯಾದರು. ಗಣರಾಜ್ಯವಾದಿಗಳ ನ್ಯಾಯಾಲಯದಲ್ಲಿ ನ್ಯಾಯಾಧೀಶೆಯಾದರು. 1928ರಿಂದ 1936ರವರೆಗೆ ಸೆನೆಟ್ ಸದಸ್ಯೆಯಾಗಿದ್ದರು.

1937ರಲ್ಲಿ ಡಿ ವಲೆರಾ ಹೊಸ ಸಂವಿಧಾನವನ್ನು ಮುಂದಿಟ್ಟರು. ಹೆಣ್ಣಿನ ಸ್ಥಾನ ಮನೆಯೊಳಗೇ ಎಂಬ ಧ್ವನಿ ಅದರಲ್ಲಿತ್ತು. ಡಿ ವಲೆರಾ ತಮ್ಮ ಪಕ್ಷದ ನಾಯಕರೇ ಆಗಿದ್ದರೂ ಕ್ಯಾಥ್ಲೀನ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಎರಡೇ ವರ್ಷಗಳಲ್ಲಿ, 1939ರಲ್ಲಿ, ನಗರಪಾಲಿಕೆಯ ಸದಸ್ಯರು ಅವರನ್ನೇ ಲಾರ್ಡ್ ಮೇಯರ್ ಆಗಿ ಆರಿಸಿದರು. 1665ರಿಂದ ನಡೆದುಬಂದ ಆ ಪದವಿಯಲ್ಲಿ ಮಹಿಳೆಯೊಬ್ಬರು ಕುಳಿತದ್ದು ಅದೇ ಮೊದಲು. ಮೇಯರರ ಅಧಿಕೃತ ನಿವಾಸದಲ್ಲಿದ್ದ ವಿಕ್ಟೋರಿಯಾ ರಾಣಿಯ ಚಿತ್ರವನ್ನು ಅವರು ತೆಗೆಸಿಹಾಕಿದರು. 1941ರವರೆಗೆ ಮೇಯರ್ ಆಗಿದ್ದ ಅವರು 1972ರಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು.

ಪತಿಯ ತ್ಯಾಗ ಅವರಿಗೆ ಜನರ ಗೌರವ ತಂದುಕೊಟ್ಟಿತು. ಆದರೆ ಮೇಯರ್ ಪೀಠದವರೆಗೆ ಅವರನ್ನು ನಡೆಸಿದ್ದು ಎರಡು ದಶಕಗಳಿಗೂ ಮೀರಿದ ಸ್ವಂತ ದುಡಿಮೆ. ಹೀಗಿರುವಾಗ, ಅವರನ್ನು ನಾವು ಯಾವ ಹೆಸರಿನಿಂದ ನೆನೆಯಬೇಕು? ನೀವೇ ಯೋಚಿಸಿ.